ಮರದ ಡೆಕ್ಕಿನ ಹಳೆಯ ಲೇಪ ಬಿಡಿಸುವುದು ಏಕೆ, ಹೇಗೆ

ಅಕ್ಟೋಬರ್ ತಿಂಗಳಲ್ಲಿ ಮಳೆ ಹಿಂದೆ ಸರಿದು, ಜಗಲಿಗೆ ಕಟ್ಟಿದ್ದ ಮಡಲಿನ ತಟ್ಟಿಗಳನ್ನು ಬಿಚ್ಚುವ ಹೊತ್ತಿಗೆ, ಉತ್ತರ ಕನ್ನಡದ ಅನೇಕ ಮನೆಗಳಲ್ಲೂ ಹೋಮ್‌ಸ್ಟೇಗಳಲ್ಲೂ ಒಂದೇ ನೋಟ ಕಾಣುತ್ತದೆ. ಅಂಗಳದ ಅಂಚಿನಲ್ಲೋ ಹೊಳೆಗೆ ಮುಖಮಾಡಿಯೋ ಹಾಸಿದ ಮರದ ಹಲಗೆಗಳು ಅಲ್ಲಲ್ಲಿ ಬೂದಿ ಬಣ್ಣಕ್ಕೆ ತಿರುಗಿರುತ್ತವೆ. ಕೆಲವೆಡೆ ಹಳೆಯ ಪಾಲಿಶ್ ಹಾವಿನ ಪೊರೆಯಂತೆ ಸುಲಿದಿರುತ್ತದೆ. ಮೊಳೆಗಳ ಸುತ್ತ ಕಪ್ಪು ಮಸಿ ಹರಡಿರುತ್ತದೆ. ಪ್ರವಾಸಿಗರು ಬರುವ ಕಾಲ ಎದುರಿಗಿರುವುದರಿಂದ ಹೆಚ್ಚಿನವರು ಒಂದು ದಿನ ಮೇಲೆ ಮೇಲೆ ಉಜ್ಜಿಸಿ, ಮರುದಿನವೇ ಹೊಸ ಲೇಪ ಹೊಡೆಸುತ್ತಾರೆ. ದೀಪಾವಳಿಗೆ ಅದು ಹೊಳೆಯುತ್ತದೆ, ಮುಂದಿನ ಶ್ರಾವಣದ ಹೊತ್ತಿಗೆ ಮತ್ತೆ ಸುಲಿಯುತ್ತದೆ. ಹೊಸ ಲೇಪದ ಡಬ್ಬಿಯಲ್ಲಿ ದೋಷವಿಲ್ಲದಿದ್ದರೂ ಹೀಗಾಗುವುದಕ್ಕೆ ಕಾರಣ ಅದರ ಕೆಳಗೆ ಉಳಿದುಹೋದ ಹಳೆಯ ಲೇಪ.

ಮನೆಗೆ ಹೊಂದಿಕೊಂಡು, ಮಾಡಿನ ಹೊರಗೆ, ನೆಲದಿಂದ ಸ್ವಲ್ಪ ಎತ್ತರದಲ್ಲಿ ಮರದ ಹಲಗೆಗಳನ್ನು ನಡುವೆ ಸಂದು ಬಿಟ್ಟು ಜೋಡಿಸಿದ ತೆರೆದ ಜಗಲಿಯನ್ನು ಡೆಕ್ ಎನ್ನುತ್ತಾರೆ. ಹೊನ್ನಾವರದ ಬಳಿ ಶರಾವತಿಯ ಕಾಂಡ್ಲಾ (ಮ್ಯಾಂಗ್ರೋವ್) ವನದೊಳಗಿನ ಹಲಗೆ ಹಾದಿಯಲ್ಲಿ ನಡೆದವರಿಗೆ ಇದರ ಕಲ್ಪನೆ ಸುಲಭವಾಗಿ ಬರುತ್ತದೆ. ಮರದ ಕೆಲಸ ನಮ್ಮ ಜಿಲ್ಲೆಗೆ ಹೊಸದಲ್ಲ. ಆದರೆ ಹಳೆಯ ಮನೆಗಳ ಕಂಬ, ತೊಲೆ, ಬಾಗಿಲುಗಳೆಲ್ಲ ಮಾಡಿನ ನೆರಳಿನಲ್ಲಿದ್ದವು, ನೆಟ್ಟಗೆ ನಿಂತ ಕಂಬದ ಮೇಲೆ ಇರಚಲು ಬಿದ್ದರೂ ನೀರು ಇಳಿದುಹೋಗುತ್ತಿತ್ತು. ಡೆಕ್ಕಿನ ಹಲಗೆ ಆಕಾಶಕ್ಕೆ ಮುಖಮಾಡಿ ಮಲಗಿರುತ್ತದೆ. ವರ್ಷಕ್ಕೆ ಸುಮಾರು 3000 ಮಿ.ಮೀ. ಮಳೆ ಬೀಳುವ ಕಾರವಾರದಂಥ ಊರಿನಲ್ಲಿ, ಆ ಮಳೆಯ ಬಹುಪಾಲನ್ನು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳಲ್ಲಿ ತಡೆದುಕೊಂಡು, ಉಳಿದ ತಿಂಗಳುಗಳಲ್ಲಿ ನೇರ ಬಿಸಿಲಿಗೆ ಒಡ್ಡಿಕೊಳ್ಳುವ ಹಲಗೆಗೆ ಹಚ್ಚಿದ ಲೇಪ ಕಂಬದ ಪಾಲಿಶಿನಷ್ಟು ಕಾಲ ಬಾಳುವುದು ಸಾಧ್ಯವೇ ಇಲ್ಲ. ಹಾಗಾಗಿ ಹಳೆಯದನ್ನು ತೆಗೆದು ಹೊಸದನ್ನು ಹಚ್ಚುವ ಕೆಲಸ ಡೆಕ್ ಇದ್ದವರಿಗೆ ಕೆಲವು ವರ್ಷಗಳಿಗೊಮ್ಮೆ ಬರುತ್ತಲೇ ಇರುತ್ತದೆ.

ಇಂಗುವ ಲೇಪ, ಕೆನೆ ಕಟ್ಟುವ ಲೇಪ

ಮರಕ್ಕೆ ಹಚ್ಚುವ ಯಾವುದೇ ಲೇಪದಲ್ಲಿ ಸಾಮಾನ್ಯವಾಗಿ ಮೂರು ಅಂಶಗಳಿರುತ್ತವೆ. ಬಣ್ಣ ಕೊಡುವ ನುಣ್ಣನೆಯ ಪುಡಿ ಒಂದು. ಆ ಪುಡಿಯನ್ನು ಮರಕ್ಕೆ ಹಿಡಿದಿಡುವ ಎಣ್ಣೆ ಅಥವಾ ರಾಳ ಇನ್ನೊಂದು; ಇದನ್ನು ಬಂಧಕ ಎನ್ನೋಣ. ಇವೆರಡನ್ನೂ ತೆಳುವಾಗಿಸಿ, ಹಚ್ಚಿದ ಮೇಲೆ ಆರಿಹೋಗುವ ದ್ರವ ಮೂರನೆಯದು. ಅದು ಟರ್ಪೆಂಟೈನ್ ಇರಬಹುದು, ಥಿನ್ನರ್ ಇರಬಹುದು, ನೀರೂ ಇರಬಹುದು. ಅಂಗಡಿಯಲ್ಲಿ ವುಡ್ ಸ್ಟೇನ್ ಎಂಬ ಹೆಸರಿನಲ್ಲಿ ಸಿಗುವುದು ಇಂಥದೇ ಒಂದು ಲೇಪ. ಇಲ್ಲಿ ಸ್ಟೇನ್ ಎಂದರೆ ಕಲೆ ಎಂಬ ಅರ್ಥವಲ್ಲ, ಮರದ ಗೆರೆಗಳು ಕಾಣುವಂತೆ ಬಣ್ಣ ಕೊಡುವ ಲೇಪ ಎಂದರ್ಥ.

ಬಂಧಕ ಮರದೊಡನೆ ಹೇಗೆ ಸೇರಿಕೊಂಡಿದೆ ಎಂಬುದರ ಮೇಲೆ ಲೇಪಗಳು ಎರಡು ಜಾತಿಯಾಗುತ್ತವೆ. ತೆಳುವಾದ ಎಣ್ಣೆ ಸ್ಟೇನ್ ಬಟ್ಟೆಗೆ ಹತ್ತಿದ ಅರಿಶಿನದಂತೆ ನಾರುಗಳೊಳಗೆ ಇಳಿದುಬಿಡುತ್ತದೆ. ಮೇಲೆ ಪದರವೇನೂ ಉಳಿಯುವುದಿಲ್ಲ. ವಾರ್ನಿಶ್, ಪಿಯು (ಪಾಲಿಯುರಿಥೇನ್) ಪಾಲಿಶ್, ಎನಾಮಲ್ ಪೇಂಟ್ ಮೊದಲಾದವು ಹಾಲಿನ ಮೇಲಿನ ಕೆನೆಯಂತೆ ಪದರ ಕಟ್ಟಿ ಕೂರುತ್ತವೆ. ಇಂಗಿದ ಲೇಪ ಸವೆದು ಮಸುಕಾಗುತ್ತದೆಯೇ ಹೊರತು ಸುಲಿಯುವುದಿಲ್ಲ. ಪದರ ಕಟ್ಟಿದ ಲೇಪದಲ್ಲಿ ಒಂದು ಬಿರುಕು ಬಿದ್ದರೆ ಸಾಕು, ನೀರು ಒಳನುಗ್ಗುತ್ತದೆ. ಮರ ಉಬ್ಬುತ್ತದೆ, ಬಿಸಿಲಿಗೆ ಕುಗ್ಗುತ್ತದೆ, ಆ ಜಗ್ಗಾಟ ತಡೆಯಲಾರದೆ ಪದರ ಏಳುತ್ತದೆ.

ಹಳೆಯದರ ಮೇಲೆಯೇ ಹೊಸದನ್ನು ಹಚ್ಚಿದರೆ ಏನಾಗುತ್ತದೆ ಎಂಬುದು ಇದರಿಂದ ಸ್ಪಷ್ಟವಾಗುತ್ತದೆ. ಇಂಗುವ ಲೇಪಕ್ಕೆ ಮರದ ರಂಧ್ರಗಳು ತೆರೆದಿರಬೇಕು. ಹಳೆಯ ಬಂಧಕ ಅವನ್ನು ಮುಚ್ಚಿದ್ದರೆ ಹೊಸ ಎಣ್ಣೆ ಒಳಗಿಳಿಯದೆ ಮೇಲೆಯೇ ಅಂಟಂಟಾಗಿ ನಿಂತು, ಧೂಳನ್ನೂ ಪಾಚಿಯನ್ನೂ ಹಿಡಿಯುತ್ತದೆ. ಪದರ ಕಟ್ಟುವ ಲೇಪವಾದರೆ ಹಳೆಯ ಪದರಕ್ಕೆ ಅಂಟಿಕೊಳ್ಳುತ್ತದೆ, ಹಳೆಯದು ಮರವನ್ನು ಬಿಟ್ಟ ದಿನ ಅದರ ಜೊತೆಗೆ ತಾನೂ ಏಳುತ್ತದೆ. ಬೂದಿ ಬಣ್ಣಕ್ಕೆ ತಿರುಗಿದ ಮರದ್ದೂ ಇದೇ ಕತೆ. ಮರದ ನಾರುಗಳನ್ನು ಒಂದಕ್ಕೊಂದು ಅಂಟಿಸಿ ಹಿಡಿದಿರುವ ಲಿಗ್ನಿನ್ ಎಂಬ ವಸ್ತುವನ್ನು ಸೂರ್ಯನ ಅತಿನೇರಳೆ ಕಿರಣಗಳು ಒಡೆಯುತ್ತವೆ. ಒಡೆದದ್ದನ್ನು ಮಳೆ ತೊಳೆದೊಯ್ಯುತ್ತದೆ. ಹಿಡಿತ ತಪ್ಪಿದ ನಾರುಗಳು ಬೂದುಬಣ್ಣದ ಸಡಿಲ ಚರ್ಮವಾಗಿ ಮೇಲೆ ಉಳಿಯುತ್ತವೆ. ಅಂಥ ಸತ್ತ ನಾರಿಗೆ ಹಚ್ಚಿದ ಲೇಪ ಧೂಳಿನ ಮೇಲೆ ಅಂಟಿಸಿದ ಕಾಗದದಂತೆ.

ಮೊದಲು ಗುರುತು ಹಿಡಿಯಬೇಕು

ಹಳೆಯ ಲೇಪ ಯಾವುದು ಎಂದು ತಿಳಿಯದೆ ಅದನ್ನು ಬಿಡಿಸಲು ಹೊರಡುವುದೇ ಈ ಕೆಲಸದಲ್ಲಿ ಆಗುವ ಅತಿ ದೊಡ್ಡ ತಪ್ಪು ಎಂದು ನಾನು ಭಾವಿಸುತ್ತೇನೆ. ಒಂದು ಬಗೆಯ ಲೇಪ ಕ್ಷಾರಕ್ಕೆ ಸೋಲುತ್ತದೆ, ಇನ್ನೊಂದು ಸ್ಪಿರಿಟ್ಟಿಗೆ, ಮತ್ತೊಂದು ಉಜ್ಜುವಿಕೆಗೆ ಮಾತ್ರ. ಅಂಗಡಿಯವರು ಕೊಟ್ಟ ಡಬ್ಬಿಯನ್ನು ಇಡೀ ಡೆಕ್ಕಿನ ಮೇಲೆ ಸುರಿಯುವ ಮೊದಲು, ಕಣ್ಣಿಗೆ ಬೀಳದ ಒಂದು ಮೂಲೆಯಲ್ಲಿ ಅಂಗೈಯಗಲದ ಜಾಗವನ್ನು ಪರೀಕ್ಷೆಗೆ ಮೀಸಲಿಡಬೇಕು.

ಹಲಗೆಯನ್ನು ತೊಳೆದು ಒಣಗಿಸಿ ನಾಲ್ಕು ಹನಿ ನೀರು ಬಿಡುವುದು ಮೊದಲ ಪರೀಕ್ಷೆ. ಹನಿ ಕೆಸುವಿನ ಎಲೆಯ ಮೇಲಿನಂತೆ ಗುಂಡಾಗಿ ನಿಂತರೆ ಲೇಪ ಇನ್ನೂ ಗಟ್ಟಿಯಾಗಿದೆ. ಹತ್ತು ನಿಮಿಷದೊಳಗೆ ಹೀರಿಹೋದರೆ ಅಲ್ಲಿ ಲೇಪ ಬಹುಪಾಲು ಸವೆದಿದೆ. ಒಂದೇ ಡೆಕ್ಕಿನಲ್ಲಿ ಮಾಡಿನ ಅಂಚಿನ ಕೆಳಗೆ ಹನಿ ನಿಂತು, ಬಯಲಿನ ಕಡೆ ಹೀರಿಹೋಗುವುದು ಸಾಮಾನ್ಯ. ಹಾಗಿದ್ದಾಗ ಎರಡು ಕಡೆಗೂ ಬೇರೆ ಬೇರೆ ಶ್ರಮ ಬೇಕಾಗುತ್ತದೆ.

ಎರಡನೆಯ ಪರೀಕ್ಷೆಗೆ ಹತ್ತಿಯ ಉಂಡೆಯನ್ನು ಪಾಲಿಶ್ ಕೆಲಸದ ಸ್ಪಿರಿಟ್ಟಿನಲ್ಲಿ ಅದ್ದಿ ಒಂದು ನಿಮಿಷ ಒತ್ತಿ ಹಿಡಿಯಬೇಕು. ಲೇಪ ಮೆತ್ತಗಾಗಿ ಹತ್ತಿಗೆ ಅಂಟಿದರೆ ಅದು ಅರಗಿನಿಂದ ಮಾಡಿದ ಫ್ರೆಂಚ್ ಪಾಲಿಶ್. ಹಳೆಯ ಬಾಗಿಲು, ಮಂಚ, ಕಪಾಟುಗಳಲ್ಲಿ ಇದು ಹೆಚ್ಚು. ನೀರು ತಾಗಿದರೆ ಬಿಳಿಚಿಕೊಳ್ಳುವುದರಿಂದ ಡೆಕ್ಕಿಗೆ ಇದನ್ನು ಹಚ್ಚಬಾರದು, ಆದರೂ ಒಳಮನೆಯ ಹಲಗೆಗಳನ್ನು ತಂದು ಹೊರಗೆ ಹಾಸಿದ ಕಡೆಗಳಲ್ಲಿ ಸಿಗುತ್ತದೆ. ಸ್ಪಿರಿಟ್ಟಿಗೆ ಜಗ್ಗದೆ ಥಿನ್ನರಿಗೆ ಕರಗಿದರೆ ಅದು ಲ್ಯಾಕರ್. ಎರಡಕ್ಕೂ ಕರಗದೆ, ಥಿನ್ನರ್ ತಾಗಿದಲ್ಲಿ ಸುಕ್ಕುಗಟ್ಟಿದರೆ ವಾರ್ನಿಶ್ ಅಥವಾ ಎನಾಮಲ್ ಆಗಿರುವ ಸಂಭವ ಹೆಚ್ಚು. ಏನೂ ಆಗದಿದ್ದರೆ ಪಿಯು ಎಂದು ಸಂಶಯಪಡಬೇಕು.

ಕೊನೆಯದು ಉಗುರಿನ ಪರೀಕ್ಷೆ. ಉಗುರಿನಿಂದ ಕೆರೆದಾಗ ಸಿಪ್ಪೆ ಎದ್ದರೆ ಪದರದ ಲೇಪ. ಉಗುರಿನ ಸಂದಿಯಲ್ಲಿ ಕರಿಯ ಜಿಡ್ಡು ಸೇರಿ, ಮೂಗಿನ ಹತ್ತಿರ ಹಿಡಿದಾಗ ಗ್ಯಾರೇಜಿನ ವಾಸನೆ ಬಂದರೆ ಅದು ಸುಟ್ಟ ಆಯಿಲ್. ಅದರ ಸಂಗತಿಯೇ ಬೇರೆ, ಮುಂದೆ ನೋಡೋಣ.

ಬೂದಿಯಿಂದ ಬಾಣಲೆ ತೊಳೆದಂತೆ

ಎಣ್ಣೆ ಸ್ಟೇನ್ ಮತ್ತು ಎಣ್ಣೆಯಿಂದ ಮಾಡಿದ ಹಳೆಯ ವಾರ್ನಿಶ್ ಬಿಡಿಸಲು ಬಳಸುವ ಡೆಕ್ ಸ್ಟ್ರಿಪ್ಪರ್ ಎಂಬ ದ್ರಾವಣದಲ್ಲಿ ಮುಖ್ಯವಾಗಿ ಇರುವುದು ಕಾಸ್ಟಿಕ್ ಸೋಡಾ ಅಥವಾ ಅದರ ಸೋದರನಾದ ಪೊಟ್ಯಾಸಿಯಂ ಹೈಡ್ರಾಕ್ಸೈಡ್. ಇವೆರಡೂ ಪ್ರಬಲ ಕ್ಷಾರಗಳು. ಒಲೆಯ ಬೂದಿಯಿಂದ ಎಣ್ಣೆಯ ಬಾಣಲೆ ತಿಕ್ಕುವಾಗ ನಡೆಯುವುದೂ ಇದೇ: ಬೂದಿಯಲ್ಲಿರುವ ಕ್ಷಾರ ಎಣ್ಣೆಯೊಡನೆ ಸೇರಿ ಅದನ್ನು ಸಾಬೂನಾಗಿ ಬದಲಿಸುತ್ತದೆ, ಸಾಬೂನು ನೀರಿನಲ್ಲಿ ಕರಗಿ ಹೋಗುತ್ತದೆ. ಅಗಸೆ ಎಣ್ಣೆಯಂಥ ಸಸ್ಯದ ಎಣ್ಣೆಯಿಂದ ಮಾಡಿದ ಬಂಧಕ ಒಣಗಿ ಗಟ್ಟಿಯಾಗಿದ್ದರೂ ಅದರ ಒಳಕಟ್ಟು ಕ್ಷಾರಕ್ಕೆ ಬಿಚ್ಚಿಕೊಳ್ಳುತ್ತದೆ; ಬಂಧಕ ಹೋದರೆ ಬಣ್ಣದ ಪುಡಿಗೆ ಆಸರೆ ಇಲ್ಲ.

ಸಿದ್ಧ ದ್ರಾವಣ ಸಿಕ್ಕರೆ ಡಬ್ಬಿಯ ಮೇಲಿನ ಪ್ರಮಾಣವನ್ನೇ ಅನುಸರಿಸುವುದು ಒಳ್ಳೆಯದು. ಸಿಗದಿದ್ದಾಗ ಕಾಸ್ಟಿಕ್ ಸೋಡಾದಿಂದ ಮಾಡಿಕೊಳ್ಳುವವರು ಹತ್ತು ಲೀಟರ್ ನೀರಿಗೆ 200 ಗ್ರಾಂನಿಂದ, ಅಂದರೆ ಸುಮಾರು ಶೇ. 2ರ ಸಾಂದ್ರತೆಯಿಂದ ಆರಂಭಿಸಿ, ಪರೀಕ್ಷೆಯ ಜಾಗದಲ್ಲಿ ಸಾಲದೆಂದು ಕಂಡರೆ ಮಾತ್ರ ಹೆಚ್ಚಿಸಬೇಕು. ಇಲ್ಲಿ ಮೂರು ಎಚ್ಚರಿಕೆಗಳನ್ನು ಮೀರುವಂತಿಲ್ಲ. ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ತಣ್ಣೀರು ಹಾಕಿ, ಅದಕ್ಕೆ ಸೋಡಾವನ್ನು ಸ್ವಲ್ಪಸ್ವಲ್ಪವಾಗಿ ಸೇರಿಸಬೇಕು. ಸೋಡಾದ ಮೇಲೆ ನೀರು ಹೊಯ್ದರೆ ಒಮ್ಮೆಲೇ ಕುದಿದು ಮುಖಕ್ಕೆ ಸಿಡಿಯುತ್ತದೆ. ಅಲ್ಯೂಮಿನಿಯಂ ಪಾತ್ರೆ ಬೇಡ. ಕ್ಷಾರ ಅದನ್ನು ತಿಂದು, ಬೆಂಕಿ ಹೊತ್ತಿಕೊಳ್ಳುವ ಹೈಡ್ರೋಜನ್ ಅನಿಲ ಹೊರಬಿಡುತ್ತದೆ. ಉದ್ದ ತೋಳಿನ ರಬ್ಬರ್ ಕೈಗವಸು, ಕಣ್ಣಿಗೆ ಮುಚ್ಚಿದ ಕನ್ನಡಕ, ಕಾಲಿಗೆ ಗಂಬೂಟು ಇಲ್ಲದೆ ಯಾರನ್ನೂ ಈ ಕೆಲಸಕ್ಕೆ ಇಳಿಸಬಾರದು. ಕೂಲಿಗೆ ಬಂದವರಿಗೆ ಇವನ್ನು ಒದಗಿಸುವುದು ಮನೆಯವರ ಹೊಣೆ. ಚರ್ಮದಲ್ಲೂ ಜಿಡ್ಡಿದೆ, ಕ್ಷಾರ ಅದನ್ನೂ ಸಾಬೂನಾಗಿಸುತ್ತದೆ, ಮತ್ತು ಆಸಿಡ್ಡಿನಂತೆ ತಕ್ಷಣ ಉರಿಯದೆ ಸದ್ದಿಲ್ಲದೆ ಒಳಗಿಳಿಯುತ್ತದೆ.

ಕೆಲಸ ಬೆಳಿಗ್ಗೆ, ಬಿಸಿಲು ಏರುವ ಮೊದಲೇ ಆಗಬೇಕು, ಏಕೆಂದರೆ ದ್ರಾವಣ ಹಸಿಯಾಗಿರುವಷ್ಟು ಹೊತ್ತು ಮಾತ್ರ ಕೆಲಸ ಮಾಡುತ್ತದೆ. ಕಡಲ ದಂಡೆಯ ಮನೆಗಳಲ್ಲಿ ಮೊದಲು ಇಡೀ ಡೆಕ್ಕನ್ನು ಸಿಹಿನೀರಿನಿಂದ ತೊಳೆದು, ಗಾಳಿಯಲ್ಲಿ ಬಂದು ಕೂತ ಉಪ್ಪನ್ನು ತೆಗೆಯಬೇಕು. ಆಮೇಲೆ ಮೂರು ನಾಲ್ಕು ಹಲಗೆಗಳನ್ನು ಮಾತ್ರ ಆಯ್ದುಕೊಂಡು, ಅವುಗಳ ಪೂರ್ತಿ ಉದ್ದಕ್ಕೆ ದ್ರಾವಣ ಹಚ್ಚಿ, 15ರಿಂದ 20 ನಿಮಿಷ ಬಿಡಬೇಕು. ಆರುತ್ತಿದೆ ಎನಿಸಿದರೆ ಮೇಲಿಂದ ಇನ್ನಷ್ಟು ಚಿಮುಕಿಸಬೇಕು. ಲೇಪ ಕಂದು ಲೋಳೆಯಾದಾಗ ಗಟ್ಟಿ ನೈಲಾನ್ ಬ್ರಶ್ಶಿನಿಂದ ಮರದ ಗೆರೆಯ ಉದ್ದಕ್ಕೇ ತಿಕ್ಕಿ, ಧಾರಾಳ ನೀರಿನಿಂದ ತೊಳೆಯಬೇಕು. ಕಬ್ಬಿಣದ ಬ್ರಶ್, ಪಾತ್ರೆ ತಿಕ್ಕುವ ಕಬ್ಬಿಣದ ನಾರು ಎರಡೂ ಬೇಡ. ಅವುಗಳ ಚೂರುಗಳು ಮರದಲ್ಲಿ ಸಿಕ್ಕಿ ಮುಂದೆ ಸಾವಿರ ಕಪ್ಪು ಚುಕ್ಕೆಗಳಾಗುತ್ತವೆ.

ವಾಹನ ತೊಳೆಯುವ ಒತ್ತಡದ ಪಂಪನ್ನು ಬಳಸುವ ಆಸೆ ಸಹಜ. ಅದನ್ನು ಬಳಸಬಹುದು, ಆದರೆ ಲೇಪ ಕೆತ್ತಲು ಅಲ್ಲ, ಸಡಿಲವಾದ ಲೋಳೆ ತೊಳೆಯಲು ಮಾತ್ರ. ಚದರ ಇಂಚಿಗೆ 1000 ಪೌಂಡ್‌ಗಿಂತ ಕಡಿಮೆ ಒತ್ತಡದಲ್ಲಿ, ಬೀಸಣಿಗೆಯಂತೆ ಹರಡುವ ನಳಿಗೆಯಿಂದ, ಸುಮಾರು ಒಂದು ಅಡಿ ದೂರದಿಂದ ಹಾಯಿಸಿದರೆ ಸಾಕು. ಅದಕ್ಕಿಂತ ಜೋರಾದರೆ ಮೆತ್ತನೆಯ ನಾರು ಕೊಚ್ಚಿಹೋಗಿ ಗಟ್ಟಿ ಗೆರೆಗಳು ಏಣಿನಂತೆ ಎದ್ದು ನಿಲ್ಲುತ್ತವೆ.

ತೊಳೆದ ನೀರು ಎಲ್ಲಿಗೆ ಹೋಗುತ್ತದೆ ಎಂದು ಮೊದಲೇ ನೋಡಿಕೊಳ್ಳಬೇಕು. ನಮ್ಮಲ್ಲಿ ಡೆಕ್ಕಿನ ಕೆಳಗೇ ಬಾವಿಯ ಒರತೆ, ಪಕ್ಕದಲ್ಲೇ ತೋಟದ ಕಾಲುವೆ ಇರುವುದು ಅಪರೂಪವಲ್ಲ. ಗಿಡಗಳಿಗೆ ಮೊದಲೇ ನೀರು ಹೊಯ್ದು ಹೊದಿಕೆ ಹಾಕಿ, ಲೋಳೆಯನ್ನು ಆದಷ್ಟು ಬಾಚಿ ತೆಗೆದು, ಉಳಿದ ನೀರು ಹೊಳೆ, ಬಾವಿ ಸೇರದಂತೆ ಕಟ್ಟೆ ಹಾಕಬೇಕು.

ಮರ ಕಪ್ಪಾದರೆ ಹೆದರಬೇಕಿಲ್ಲ

ಕ್ಷಾರದಿಂದ ತೊಳೆದ ಮರ ಮೊದಲಿಗಿಂತ ಕಪ್ಪಾಗಿ, ಕೆಲವೊಮ್ಮೆ ಕೆಂಪಾಗಿ ಕಾಣುತ್ತದೆ. ಸಾಗವಾನಿ, ಮತ್ತಿ, ಹೊನ್ನೆಯಂಥ ಗಟ್ಟಿ ಮರಗಳಲ್ಲಿ ಇದು ಎದ್ದುಕಾಣುತ್ತದೆ, ಮತ್ತು ಅನೇಕರು ಇದನ್ನು ಕಂಡು ಮರ ಕೆಟ್ಟಿತೆಂದು ಕೆಲಸ ನಿಲ್ಲಿಸುತ್ತಾರೆ. ಕವಳ ಹಾಕುವವರಿಗೆ ಇದರ ವಿವರಣೆ ಬೇಗ ಹೊಳೆಯುತ್ತದೆ. ಅಡಿಕೆಯನ್ನು ಒಂದೇ ಜಗಿದರೆ ಬಾಯಿ ಅಷ್ಟು ಕೆಂಪಾಗದು; ಸುಣ್ಣ ಸೇರಿದೊಡನೆ ಕೆಂಪೇರುತ್ತದೆ, ಏಕೆಂದರೆ ಅಡಿಕೆಯಲ್ಲಿರುವ ಚೊಗರಿನ ಅಂಶ ಕ್ಷಾರದಲ್ಲಿ ಬಣ್ಣ ಬದಲಿಸುತ್ತದೆ. ಟ್ಯಾನಿನ್ ಎಂದು ಕರೆಯುವ ಅದೇ ಕುಲದ ಚೊಗರು ಮರಗಳಲ್ಲಿಯೂ ಇದೆ.

ಕ್ಷಾರ ತಂದ ಬಣ್ಣವನ್ನು ಆಮ್ಲ ಹಿಂದಿರುಗಿಸುತ್ತದೆ. ಇದಕ್ಕೆ ಸಿಟ್ರಿಕ್ ಆಸಿಡ್ ಅಥವಾ ಆಕ್ಸಾಲಿಕ್ ಆಸಿಡ್ ಬಳಸುತ್ತಾರೆ. ಕಪ್ಪಿಟ್ಟ ಹಿತ್ತಾಳೆಯ ತಂಬಿಗೆಯನ್ನು ಹುಣಸೆಹುಳಿ ಬೆಳಗಿಸಿದಂತೆ ಇವು ಮರವನ್ನು ಬೆಳಗಿಸುತ್ತವೆ. ಲೀಟರ್ ಬೆಚ್ಚಗಿನ ನೀರಿಗೆ ಸುಮಾರು 30 ಗ್ರಾಂ ಆಕ್ಸಾಲಿಕ್ ಹರಳನ್ನು ಕರಗಿಸಿ, ಒದ್ದೆ ಮರದ ಮೇಲೆ ಸಮವಾಗಿ ಹಚ್ಚಿ, 15 ನಿಮಿಷದ ನಂತರ ತೊಳೆಯಬೇಕು. ಬಣ್ಣ ತಿಳಿಯಾಗುವುದು ಕಣ್ಣೆದುರೇ ಕಾಣುತ್ತದೆ. ಈ ಆಮ್ಲದ ತೊಳೆತ ಬರೀ ಅಂದಕ್ಕಲ್ಲ. ಕ್ಷಾರ ಮರದಲ್ಲಿ ಉಳಿದರೆ ಮೇಲೆ ಹಚ್ಚುವ ಹೊಸ ಎಣ್ಣೆಯನ್ನೂ ಅದು ನಿಧಾನವಾಗಿ ಸಾಬೂನಾಗಿಸುತ್ತದೆ. ಆರು ತಿಂಗಳಲ್ಲಿ ಹೊಸ ಲೇಪ ಏಳುವುದಕ್ಕೆ ಇದೂ ಒಂದು ಕಾರಣ.

ಕ್ಷಾರ ಪೂರ್ತಿ ಹೋಯಿತೇ ಎಂದು ತಿಳಿಯಲು ಅಡುಗೆಮನೆಯ ಅರಿಶಿನ ಸಾಕು. ಅರಿಶಿನದ ನೀರಿಗೆ ಸುಣ್ಣ ಹಾಕಿದರೆ ಆರತಿಯ ಓಕುಳಿ ಕೆಂಪಾಗುವುದು ಸುಣ್ಣ ಕ್ಷಾರವಾದ್ದರಿಂದ. ಬಿಳಿ ಕಾಗದದ ಪಟ್ಟಿಯನ್ನು ಅರಿಶಿನದ ನೀರಿನಲ್ಲಿ ಅದ್ದಿ ಒಣಗಿಸಿಟ್ಟುಕೊಂಡು, ಹಲಗೆಯಿಂದ ಇಳಿಯುವ ಕೊನೆಯ ತೊಳೆನೀರನ್ನು ಒಂದು ಬಟ್ಟಲಿನಲ್ಲಿ ಹಿಡಿದು ಅದರಲ್ಲಿ ಮುಳುಗಿಸಬೇಕು. ಕೆಂಪಾದರೆ ಕ್ಷಾರ ಇನ್ನೂ ಇದೆ, ಹಳದಿಯೇ ಉಳಿದರೆ ಸಾಕು ಎಂದರ್ಥ. ಅರಿಶಿನವನ್ನು ನೇರವಾಗಿ ಮರಕ್ಕೆ ಹಚ್ಚಿ ನೋಡಬಾರದು. ಅದು ಇನ್ನೊಂದು ಕಲೆಯಾಗುತ್ತದೆ.

ಮೊಳೆಯ ಸುತ್ತಲಿನ ಮಸಿಗೂ ಮದ್ದು ಆಕ್ಸಾಲಿಕ್ ಆಸಿಡ್ಡೇ. ಅಡಿಕೆ ಬೇಯಿಸಿದ ಚೊಗರು ಕಬ್ಬಿಣಕ್ಕೆ ತಾಗಿ ಕರ್ರಗಾಗುವುದನ್ನು ಶಿರಸಿ ಸೀಮೆಯಲ್ಲಿ ಕಾಣದವರಿಲ್ಲ. ಹಿಂದೆ ಅಳಲೆಕಾಯಿಯ ಚೊಗರಿಗೆ ಕಬ್ಬಿಣದ ಅಂಶ ಸೇರಿಸಿ ಬರೆಯುವ ಶಾಯಿ ಮಾಡುತ್ತಿದ್ದುದೂ ಇದೇ ಗುಣದಿಂದ, ಮತ್ತು ಮತ್ತಿಮರ ಅಳಲೆಯ ಕುಲದ್ದೇ. ಉಪ್ಪಿನ ಗಾಳಿಗೆ ತುಕ್ಕು ಹಿಡಿದ ಮೊಳೆ, ಮಳೆನೀರು, ಮರದ ಚೊಗರು ಮೂರೂ ಸೇರಿದಲ್ಲಿ ಹಲಗೆಯೊಳಗೇ ಶಾಯಿ ತಯಾರಾಗುತ್ತದೆ. ಆಕ್ಸಾಲಿಕ್ ಆಸಿಡ್ ಆ ಕಬ್ಬಿಣವನ್ನು ತನ್ನೊಡನೆ ಕಟ್ಟಿಕೊಂಡು, ನೀರಿನಲ್ಲಿ ಕರಗುವಂತೆ ಮಾಡಿ ಹೊರತರುತ್ತದೆ. ಚುಕ್ಕೆಗಳ ಮೇಲೆ ಮೇಲಿನ ಪ್ರಮಾಣದ ಎರಡರಷ್ಟು ಗಟ್ಟಿ ದ್ರಾವಣವನ್ನು ಹಚ್ಚಬಹುದು. ಆದರೆ ಮೊಳೆ ಅಲ್ಲೇ ಉಳಿದರೆ ಮಸಿ ಮರಳಿ ಬರುತ್ತದೆ; ಮೊಳೆ ಕಿತ್ತು ಸ್ಟೇನ್‌ಲೆಸ್ ಸ್ಟೀಲಿನ ಸ್ಕ್ರೂ ಹಾಕುವುದು ಶಾಶ್ವತ ಪರಿಹಾರ, ಸಮುದ್ರದ ದಂಡೆಯಲ್ಲಿ 316 ದರ್ಜೆಯ ಸ್ಟೀಲ್ ಹೆಚ್ಚು ತಾಳುತ್ತದೆ.

ಆಕ್ಸಾಲಿಕ್ ಆಸಿಡ್ ಹೊಟ್ಟೆಗೆ ಹೋದರೆ ವಿಷ, ಒಣ ಪುಡಿ ಉಸಿರಿಗೂ ಕೆಟ್ಟದ್ದು. ಮಕ್ಕಳ ಕೈಗೆ ಸಿಗದಂತೆ ಇಡಬೇಕು. ಪಾಚಿ ತೆಗೆಯಲು ಬ್ಲೀಚಿಂಗ್ ಪೌಡರ್ ಬಳಸಿದ ಹಲಗೆಗೆ ಅದು ಪೂರ್ತಿ ತೊಳೆದುಹೋಗದೆ ಯಾವ ಆಮ್ಲವನ್ನೂ ಹಚ್ಚಬಾರದು. ಎರಡೂ ಸೇರಿದರೆ ಉಸಿರುಗಟ್ಟಿಸುವ ಕ್ಲೋರಿನ್ ಅನಿಲ ಏಳುತ್ತದೆ. ನಿಜಕ್ಕೂ ಬ್ಲೀಚಿಂಗ್ ಪೌಡರ್ ಡೆಕ್ಕಿಗೆ ತಕ್ಕದ್ದಲ್ಲ: ಅದು ಪಾಚಿಯನ್ನು ಕೊಂದರೂ ಲಿಗ್ನಿನ್ನನ್ನೂ ಒಡೆದು ನಾರು ಏಳಿಸುತ್ತದೆ. ಪಾಚಿ ಮತ್ತು ಬೂದುಬಣ್ಣ ಮಾತ್ರ ಇದ್ದು ಲೇಪ ಆಗಲೇ ಸವೆದಿದ್ದರೆ, ಬಟ್ಟೆಯ ಕಲೆ ತೆಗೆಯುವ ಪುಡಿಗಳಲ್ಲಿ ಇರುವ ಸೋಡಿಯಂ ಪರ್‌ಕಾರ್ಬೊನೇಟ್ ಸಾಕಾಗುತ್ತದೆ. ಲೀಟರಿಗೆ ಸುಮಾರು 60 ಗ್ರಾಂನಂತೆ ಬೆಚ್ಚಗಿನ ನೀರಿಗೆ ಹಾಕಿದಾಗ ಅದು ಹೈಡ್ರೋಜನ್ ಪೆರಾಕ್ಸೈಡ್ ಮತ್ತು ವಾಷಿಂಗ್ ಸೋಡಾ ಆಗಿ ಒಡೆಯುತ್ತದೆ. ಕಲಸಿದ ಕೆಲವೇ ಗಂಟೆಗಳಲ್ಲಿ ಬಳಸಬೇಕು.

ಸುಟ್ಟ ಆಯಿಲ್ ಮತ್ತು ಗೇರೆಣ್ಣೆ

ಹೊರದೇಶದ ಡಬ್ಬಿಗಳ ಮೇಲಿನ ಸೂಚನೆಗಳಲ್ಲಿ ಸಿಗದ, ಆದರೆ ನಮ್ಮ ಜಿಲ್ಲೆಯಲ್ಲಿ ಪದೇ ಪದೇ ಎದುರಾಗುವ ಎರಡು ಲೇಪಗಳಿವೆ.

ಗಾಡಿಯ ಇಂಜಿನ್ನಿನಿಂದ ತೆಗೆದ ಸುಟ್ಟ ಆಯಿಲನ್ನು ಗೆದ್ದಲು ಬಾರದಿರಲಿ ಎಂದು ಮರಕ್ಕೆ ಬಳಿಯುವ ರೂಢಿ ಹಳ್ಳಿಗಳಲ್ಲಿ ವ್ಯಾಪಕವಾಗಿದೆ. ಕೊಟ್ಟಿಗೆಯ ಕಂಬಕ್ಕೆ ಬಳಿದದ್ದೇ ಡೆಕ್ಕಿನ ಹಲಗೆಗೂ ಬಂದಿರುತ್ತದೆ. ಕ್ಷಾರ ಸಾಬೂನಾಗಿಸುವುದು ಸಸ್ಯದ ಮತ್ತು ಪ್ರಾಣಿಯ ಎಣ್ಣೆಗಳನ್ನು ಮಾತ್ರ. ಇಂಜಿನ್ ಆಯಿಲ್ ನೆಲದಾಳದ ಖನಿಜ ತೈಲದಿಂದ ಬಂದದ್ದು, ಅದರಲ್ಲಿ ಕ್ಷಾರ ಬಿಚ್ಚಬಲ್ಲ ಕಟ್ಟೇ ಇಲ್ಲ. ಅದು ಅಗಸೆ ಎಣ್ಣೆಯಂತೆ ಗಾಳಿಗೆ ಒಣಗಿ ಗಟ್ಟಿಯಾಗುವುದೂ ಇಲ್ಲ, ವರ್ಷಗಟ್ಟಲೆ ಜಿಡ್ಡಾಗಿಯೇ ಮರದೊಳಗೆ ಕುಳಿತಿರುತ್ತದೆ. ಆದ್ದರಿಂದ ಎಷ್ಟು ಕಾಸ್ಟಿಕ್ ಸೋಡಾ ಸುರಿದರೂ ಮರ ಹಾಳಾಗುತ್ತದೆಯೇ ವಿನಾ ಆಯಿಲ್ ಹೋಗುವುದಿಲ್ಲ. ಇಲ್ಲಿ ಮಾಡಬೇಕಾದದ್ದು ಕರಗಿಸಿ ಹೀರಿಸುವ ಕೆಲಸ. ಟರ್ಪೆಂಟೈನಿನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ, ತಕ್ಷಣ ಮರದ ಹುಡಿ ಅಥವಾ ಒಣ ಸುಣ್ಣದ ಪುಡಿಯನ್ನು ದಪ್ಪವಾಗಿ ಹರಡಿ, ಒಂದು ದಿನ ಬಿಟ್ಟು ಗುಡಿಸಿ, ಬಿಸಿನೀರಿಗೆ ಬಟ್ಟೆಯ ಸೋಪಿನ ಪುಡಿ ಹಾಕಿ ತಿಕ್ಕಿ ತೊಳೆಯಬೇಕು. ಒಂದೇ ಸಲಕ್ಕೆ ಮುಗಿಯುವುದಿಲ್ಲ. ಮೂರು ಸಲವಾದರೂ ಜಿಡ್ಡು ಉಳಿದರೆ ಆಚಾರಿಯ ಕೀಸುಳಿಯಿಂದ ಮೇಲಿನ ಒಂದೆರಡು ಮಿ.ಮೀ. ಮರವನ್ನೇ ತೆಗೆಸಬೇಕು, ಅಥವಾ ಹಲಗೆ ತಿರುವಿ ಹಾಕಬೇಕು. ಬಳಸಿದ ಇಂಜಿನ್ ಆಯಿಲಿನಲ್ಲಿ ಕ್ಯಾನ್ಸರ್‌ಕಾರಕ ಅಂಶಗಳು ಸೇರಿರುವುದರಿಂದ ಬರಿಗೈಯಲ್ಲಿ ಮುಟ್ಟಬಾರದು, ತೆಗೆದ ಹುಡಿಯನ್ನು ಒಲೆಗೆ ಹಾಕಬಾರದು.

ಎರಡನೆಯದು ಗೇರುಬೀಜದ ಸಿಪ್ಪೆಯಿಂದ ತೆಗೆದ ಗೇರೆಣ್ಣೆ. ಪಶ್ಚಿಮ ಕರಾವಳಿಯಲ್ಲಿ ಮರದ ದೋಣಿಗಳಿಗೆ ನೀರು ತಾಗದಂತೆ, ಹುಳ ಹಿಡಿಯದಂತೆ ಇದನ್ನು ಬಳಿಯುತ್ತ ಬಂದಿದ್ದಾರೆ. ಗೇರಿನ ಕಾರ್ಖಾನೆಗಳಿರುವ ಕುಮಟಾ, ಅಂಕೋಲಾ ಕಡೆ ಮನೆಯ ಮರಕ್ಕೂ ಬಂದಿದೆ. ಇದು ಸುಟ್ಟ ಆಯಿಲಿಗೆ ತದ್ವಿರುದ್ಧ: ಗಾಳಿಗೆ ನಿಧಾನವಾಗಿ ಗಟ್ಟಿಯಾಗಿ, ಕರಗದ ಕಂದುಗಪ್ಪು ರಾಳವಾಗುತ್ತದೆ. ಇದರಲ್ಲಿ ಇರುವುದು ಫಿನಾಲ್ ಜಾತಿಯ ವಸ್ತುಗಳಾದ್ದರಿಂದ ಕ್ಷಾರ ತಾಗಿದರೆ ಬಿಚ್ಚಿಕೊಳ್ಳುವ ಬದಲು ಇನ್ನೂ ಕಪ್ಪಾಗುತ್ತದೆ. ಪದರ ದಪ್ಪವಿದ್ದಲ್ಲಿ ಕೆರೆದು, ಉಳಿದದ್ದನ್ನು ಉಜ್ಜಿ ತೆಗೆಯುವುದೇ ದಾರಿ. ಗೇರು ಸಿಪ್ಪೆಯ ಎಣ್ಣೆ ತಾಗಿದ ಕೈ ಹೇಗೆ ಸುಟ್ಟು ಗುಳ್ಳೆ ಏಳುತ್ತದೆ ಎಂಬುದು ಬೀಜ ಸುಲಿಯುವವರಿಗೆ ಗೊತ್ತು. ಅದೇ ಗುಣದ ಧೂಳು ಮುಖಕ್ಕೆ, ಕುತ್ತಿಗೆಗೆ ಕೂತರೆ ಕೆಲವರಿಗೆ ತುರಿಕೆ ತೀವ್ರವಾಗಬಹುದು. ಮೈ ಮುಚ್ಚಿಕೊಂಡು, ಮುಖಕವಚ ಹಾಕಿಕೊಂಡೇ ಕೆಲಸ ಮಾಡಬೇಕು. ಇಷ್ಟೆಲ್ಲ ಶ್ರಮಕ್ಕಿಂತ, ಗೇರೆಣ್ಣೆ ಇನ್ನೂ ಗಟ್ಟಿಯಾಗಿ ಹಿಡಿದಿರುವ ಹಲಗೆಗಳನ್ನು ಬರೀ ತೊಳೆದು, ಹಾಗೆಯೇ ಬಿಡುವುದು ಅನೇಕ ಸಲ ಸರಿಯಾದ ತೀರ್ಮಾನ.

ಪಿಯು, ಎನಾಮಲ್ ಮತ್ತು ಸೀಸ

ಪಿಯು ಪಾಲಿಶ್ ಕ್ಷಾರಕ್ಕೆ ಸುಲಭವಾಗಿ ಬಗ್ಗುವುದಿಲ್ಲ. ಅಂಗಡಿಯ ಪೇಂಟ್ ರಿಮೂವರ್ ಹಚ್ಚಿದರೆ ಉಬ್ಬಿ ಏಳುತ್ತದೆ, ಆಮೇಲೆ ಪಟ್ಟಿ ಬ್ಲೇಡಿನಿಂದ ಕೆರೆಯಬಹುದು. ಹಲವು ರಿಮೂವರ್‌ಗಳಲ್ಲಿ ಇರುವ ಮೆಥಿಲೀನ್ ಕ್ಲೋರೈಡಿನ ಆವಿ ಗಾಳಿಗಿಂತ ಭಾರ, ಮುಚ್ಚಿದ ಕೋಣೆಯಲ್ಲಿ ಪ್ರಾಣಕ್ಕೇ ಅಪಾಯ. ಅಮೆರಿಕದಲ್ಲಿ ಮನೆಬಳಕೆಗೆ ಇಂಥ ರಿಮೂವರ್ ಮಾರುವುದನ್ನು 2019ರಲ್ಲಿ ನಿಷೇಧಿಸಲಾಯಿತು. ಡೆಕ್ ಬಯಲಿನಲ್ಲಿರುವುದು ಇಲ್ಲಿ ಅನುಕೂಲ, ಆದರೂ ಗಾಳಿ ಬರುವ ಕಡೆಗೆ ನಿಂತೇ ಕೆಲಸ ಮಾಡಬೇಕು.

ಹಳೆಯ ಎನಾಮಲ್ ಪೇಂಟ್ ಇದ್ದರೆ ಅದರಲ್ಲಿ ಸೀಸ ಇರಬಹುದೆಂದು ತಿಳಿದೇ ಮುಂದುವರಿಯುವುದು ಕ್ಷೇಮ. ಮನೆಬಳಕೆಯ ಬಣ್ಣಗಳಲ್ಲಿ ಸೀಸವನ್ನು ಹತ್ತು ಲಕ್ಷದಲ್ಲಿ 90 ಭಾಗಕ್ಕೆ ಮಿತಿಗೊಳಿಸುವ ಭಾರತದ ನಿಯಮ 2016ರಲ್ಲಿ ಬಂದು, 2017ರ ನವೆಂಬರ್‌ನಿಂದ ಜಾರಿಯಾಯಿತು. ಅದಕ್ಕೂ ಹಿಂದಿನ ಬಣ್ಣವನ್ನು ಒಣದಾಗಿ ಮಷಿನ್ನಿನಿಂದ ಉಜ್ಜಿದರೆ ಸೀಸದ ಧೂಳು ಅಂಗಳದಲ್ಲಿ ಆಡುವ ಮಕ್ಕಳ ಮೈಸೇರುತ್ತದೆ. ಅಂಥ ಬಣ್ಣವನ್ನು ಒದ್ದೆ ಮಾಡಿಯೇ ಕೆರೆಯಬೇಕು, ಕೆಳಗೆ ಹಾಸಿದ ಪ್ಲಾಸ್ಟಿಕ್ಕಿನಲ್ಲಿ ಸಿಪ್ಪೆಯನ್ನು ಕೂಡಿಹಾಕಬೇಕು, ಸುಡಬಾರದು.

ಉಜ್ಜುವುದು ಕೊನೆಗೆ

ಮೊದಲೇ ಮಷಿನ್ ಹಿಡಿದರೆ ಜಿಡ್ಡಿನ ಲೇಪ ಬಿಸಿಯಾಗಿ ಕರಗಿ, ಪಾಲಿಶ್ ಪೇಪರಿನ ಹರಳುಗಳ ಸಂದು ತುಂಬುತ್ತದೆ. ಪೇಪರ್ ಮೇಲೆ ಪೇಪರ್ ಹಾಳಾಗುತ್ತದೆ, ಮರದ ಮೇಲೆ ಲೇಪ ಒರೆಸಿದಂತಾಗುತ್ತದೆಯೇ ಹೊರತು ಹೋಗುವುದಿಲ್ಲ. ಲೇಪ ಬಿಡಿಸಿ, ತೊಳೆದು, ಒಣಗಿದ ಮೇಲೆ, ನೀರಿಗೆ ಎದ್ದ ನಾರನ್ನು ಸಮಮಾಡಲು ಉಜ್ಜಬೇಕು. ಮೊಳೆಯ ತಲೆಗಳನ್ನು ಮೊದಲು ಒಳಗಿಳಿಸಿ, 60 ನಂಬರ್ ಪೇಪರಿನಿಂದ ಆರಂಭಿಸಿ 80ಕ್ಕೆ ನಿಲ್ಲಿಸಿದರೆ ಡೆಕ್ಕಿಗೆ ಸಾಕು. ಬಾಗಿಲಿಗೆ ಮಾಡಿದಂತೆ 220ರವರೆಗೆ ಹೋದರೆ ಮೈ ಕನ್ನಡಿಯಂತಾಗುತ್ತದೆ ನಿಜ, ಆದರೆ ರಂಧ್ರಗಳು ನುಣುಪಾಗಿ ಮುಚ್ಚಿ ಹೊಸ ಎಣ್ಣೆ ಇಂಗುವುದಿಲ್ಲ, ಮಳೆಯಲ್ಲಿ ಕಾಲೂ ಜಾರುತ್ತದೆ. ಔಷಧ ತುಂಬಿದ, ಹಸಿರು ಛಾಯೆಯ ಪೈನ್ ಹಲಗೆಯಾಗಿದ್ದರೆ ಉಜ್ಜುವುದನ್ನೇ ಕೈಬಿಡುವುದು ಮೇಲು; ಕೆಲವು ಬಗೆಯ ಔಷಧದಲ್ಲಿ ಆರ್ಸೆನಿಕ್ ಇರುತ್ತದೆ.

ಒಣಗಲು ಬೇಕಾದ ಕಾಲ

ತೊಳೆದ ಹಲಗೆ ಮೇಲೆ ಮುಟ್ಟಿದಾಗ ಒಣಗಿದಂತಿದ್ದರೂ ಒಳಗೆ ನೀರು ಇರುತ್ತದೆ. ಎಣ್ಣೆಯ ಲೇಪ ಹಚ್ಚುವ ಮೊದಲು ಮರದ ತೇವ ಶೇ. 15ಕ್ಕಿಂತ ಕಡಿಮೆ ಇರಬೇಕು. ಮರ ತನ್ನ ಸುತ್ತಲಿನ ಗಾಳಿಯೊಡನೆ ಸದಾ ಲೆಕ್ಕ ಹೊಂದಿಸಿಕೊಳ್ಳುತ್ತಿರುತ್ತದೆ: ಗಾಳಿಯ ಆರ್ದ್ರತೆ ಶೇ. 80 ಇದ್ದರೆ ಮರದ ತೇವ ಸುಮಾರು 16ರಲ್ಲಿ ನಿಲ್ಲುತ್ತದೆ, 90 ಇದ್ದರೆ 20ರ ಹತ್ತಿರ. ಹಾಗಾಗಿ ಮಳೆಗಾಲದ ನಡುವೆ ನಾಲ್ಕು ದಿನ ಹೊಳವು ಸಿಕ್ಕಿತೆಂದು ಈ ಕೆಲಸಕ್ಕೆ ಕೈಹಾಕಿದರೆ, ಎಷ್ಟು ಬಿಸಿಲು ಕಂಡರೂ ಮರ ಆ ಮಟ್ಟಕ್ಕೆ ಇಳಿಯುವುದೇ ಇಲ್ಲ. ಅಕ್ಟೋಬರ್‌ನಲ್ಲಿಯೂ ಸಂಜೆಯ ಗುಡುಗುಮಳೆ ಬರುತ್ತದೆ. ಡಿಸೆಂಬರ್‌ನಿಂದ ಫೆಬ್ರವರಿಯವರೆಗಿನ ಒಣಹವೆ ಈ ಕೆಲಸಕ್ಕೆ ಹೇಳಿ ಮಾಡಿಸಿದ ಕಾಲ. ದೀಪಾವಳಿಗೆ ಮುಗಿಯಬೇಕೆಂಬ ಅವಸರವನ್ನು ಬಿಟ್ಟರೆ ಲಾಭವೇ ಹೆಚ್ಚು. ಘಟ್ಟದ ಮೇಲೆ ಬೆಳಗಿನ ಇಬ್ಬನಿ ದಟ್ಟವಾಗಿರುವ ದಿನಗಳಲ್ಲಿ ಹತ್ತು ಗಂಟೆಯ ನಂತರವೇ ಲೇಪ ಹಚ್ಚಬೇಕು.

ತೇವ ಅಳೆಯುವ ಸಣ್ಣ ಯಂತ್ರ ಇದ್ದರೆ ಒಳ್ಳೆಯದು. ಇಲ್ಲದಿದ್ದರೆ ಕೊನೆಯ ತೊಳೆತದ ನಂತರ ಕನಿಷ್ಠ ಮೂರು ದಿನ ಗಾಳಿ ಬಿಸಿಲಿಗೆ ಬಿಟ್ಟು, ಮೊದಲು ಮಾಡಿದ ಹನಿಯ ಪರೀಕ್ಷೆಯನ್ನೇ ಡೆಕ್ಕಿನ ಹತ್ತು ಬೇರೆ ಬೇರೆ ಜಾಗಗಳಲ್ಲಿ ಮತ್ತೆ ಮಾಡಬೇಕು. ಹನಿ ಎಲ್ಲೆಡೆ ಒಂದೇ ವೇಗದಲ್ಲಿ ಹೀರಿಹೋದರೆ ಹಳೆಯ ಲೇಪ ಹೋಗಿದೆ, ಮರವೂ ಒಣಗಿದೆ. ಒಂದು ಹಲಗೆಯಲ್ಲಿ ಮಾತ್ರ ಹನಿ ನಿಂತರೆ, ಆ ಹಲಗೆಗೆ ಮಾತ್ರ ಕೆಲಸವನ್ನು ಇನ್ನೊಮ್ಮೆ ಮಾಡಬೇಕು. ಹೊಸ ಎಣ್ಣೆ ಹಚ್ಚಿದ ಬಟ್ಟೆಗಳನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬಾರದು. ಅಗಸೆ ಎಣ್ಣೆ ಒಣಗುವಾಗ ತಾನೇ ಬಿಸಿಯಾಗುತ್ತದೆ, ಮುದ್ದೆಯೊಳಗೆ ಆ ಶಾಖ ಸೇರಿ ರಾತ್ರಿಯೊಳಗೆ ತಾನಾಗಿ ಬೆಂಕಿ ಹೊತ್ತಿಕೊಳ್ಳಬಹುದು. ಅವನ್ನು ನೀರು ತುಂಬಿದ ಬಕೆಟ್ಟಿನಲ್ಲಿ ಮುಳುಗಿಸಿಡಬೇಕು, ಇಲ್ಲವೇ ಬಯಲಿನಲ್ಲಿ ಒಂದೊಂದಾಗಿ ಬಿಡಿಸಿ ಒಣಹಾಕಬೇಕು.